ಮೂಲೆಯಲ್ಲಿ ನನ್ನ ಮುಖ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನದು. ನನ್ನದು ಮುಖದ ಚಟ. ನನ್ನ ಮುಖ ಅಚ್ಚಾಗಿ ಎಲ್ಲಾದರೂ ತೂಗುತ್ತಿದ್ದರೆ ಆ ದಿನದ ಊಟ ರುಚಿಸುತ್ತದೆ. ನಮ್ಮ ಶಲವಡಿಯಲ್ಲಿ ಯಾರ ಮನೆಯ ಮದುವೆಯಿರಲಿ, ಯಾರ ಮಗನಿಗೆ ನೌಕರಿ ಸಿಗಲಿ, ಬಸ್ ನಿಲ್ದಾಣದ ಫ್ಲೆಕ್ಸಿನ ಕೆಳಸಾಲಿನಲ್ಲಿ ಕರಿ ಕನ್ನಡಕ ಹಾಕಿ, ಕೈಮುಗಿದು ಶುಭ ಕೋರುವವನು ನಾನೇ. ಕಲಿತದ್ದು ಏಳನೆಯ ಇಯತ್ತೆ. ಓದಿದವರ ಹೆಸರಿನ ಮುಂದೆ ಪದವಿ ಇರುತ್ತದೆ, ನನ್ನ ಹೆಸರಿನ ಮೇಲೆ ಫೋಟೋ ಇರಲಿ ಎಂದು ಸಮಾಧಾನ ಮಾಡಿಕೊಂಡವನು. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದೇ ತಿಳಿದಿದ್ದೆ, ತಂಗಿ ಗಿರಿಜಾಳ ಟ್ಯಾಗು ಅಚ್ಚಾಗುವ ತನಕ.

ಗಿರಿಜಾ ಕೂಸುಗಳ ಬಟ್ಟೆ ಹೊಲಿಯುತ್ತಾಳೆ. ಮೆತ್ತನೆಯ ಝಬಲಾ, ತಲೆಯಿಂದ ಬೆನ್ನಿನವರೆಗೆ ಇಳಿಯುವ, ರವಿಕೆಯ ಖಣದ ಬಟ್ಟೆಯ ಕುಂಚಿಗೆ, ಅಂಚಿಗೆಲ್ಲ ಕಸೂತಿ. ಆರು ವರ್ಷ ಓಣಿಯವರಿಗೇ ಹೊಲಿದುಕೊಟ್ಟ ಮೇಲೆ ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರ ಒಡತಿ ಇವಳ ಕೆಲಸ ನೋಡಿ, ನಿಮ್ಮದೇ ಒಂದು ಹೆಸರಿಟ್ಟು, ಟ್ಯಾಗು ಹಚ್ಚಿ ಗುರುವಾರ ಮಧ್ಯಾಹ್ನ ತೋರಿಸಿರಿ, ಚೆನ್ನಾಗಿದ್ದರೆ ಕಾಯಂ ಇಟ್ಟುಕೊಳ್ಳುತ್ತೇನೆ ಎಂದಿದ್ದರು. ಗಿರಿಜಾ 'ಗುಬ್ಬಿ' ಎಂದು ಹೆಸರಿಟ್ಟಳು. ಗುಬ್ಬಿಯ ಚಿತ್ರವನ್ನೂ ತಾನೇ ಬರೆದಳು. ನಾನು ಟೆಂಪೋ ಹೊಡೆಯುವವನು, ಅಣ್ಣಿಗೇರಿಯ ಪ್ರೆಸ್ಸು ನನ್ನ ದಾರಿಯಲ್ಲೇ ಇದೆ. ಚೀಟಿ ಕೈಗಿಟ್ಟು ಒಂದೇ ಮಾತು ಹೇಳಿದಳು: "ಅಣ್ಣಾ, ಗುಬ್ಬಿ, ಅದರ ಕೆಳಗ ಹೆಸರು, ಇಷ್ಟ. ಒಂದು ಚುಕ್ಕಿನೂ ಹೆಚ್ಚಿಗಿ ಬ್ಯಾಡ."

ಪ್ರೆಸ್ಸಿನವನು ನನ್ನ ಹಳೆಯ ದೋಸ್ತ. ನನ್ನ ಫ್ಲೆಕ್ಸುಗಳೆಲ್ಲ ಅವನ ಕೈಯವೇ, ನನ್ನ ಫೋಟೋ ಅವನ ಕಂಪ್ಯೂಟರಿನಲ್ಲಿ ಕಾಯಂ ವಾಸ. ಪರದೆಯ ಮೇಲೆ ಗುಬ್ಬಿ ಕುಳಿತಿತು. ಸುತ್ತಲೂ ಬಿಳಿ. ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು. ನಮ್ಮ ಕಡೆ ಖಾಲಿ ಜಾಗ ಬಿಟ್ಟರೆ, ಬಂದ ಬೀಗರನ್ನು ಚಹಾ ಕೊಡದೆ ಕಳಿಸಿದಷ್ಟು ಕಸಿವಿಸಿ. "ಮೂಲಿ ಖಾಲಿ ಕಾಣಾಕತ್ತೈತಲ್ಲೋ, ನಿನ್ನ ಕುಂದ್ರಸ್ಲೇನು?" ಎಂದ. ನಾನು ಬಹಳ ವಿಚಾರ ಮಾಡುವವನಂತೆ ಹೊರಗೆ ರಸ್ತೆ ನೋಡಿ, "ನಿನ್ನ ಮರ್ಜಿ" ಎಂದೆ. ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ದೊಡ್ಡ ತಪ್ಪು ಮಾಡಬಹುದೆಂದು ಆಮೇಲೆ ಗೊತ್ತಾಗಿದ್ದು.

ಬುಧವಾರ ಮಧ್ಯಾಹ್ನ ಪ್ರೆಸ್ಸಿನಿಂದ ತಂದ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಿದೆವು. ಇನ್ನೂರು ಟ್ಯಾಗು. ಇನ್ನೂರರಲ್ಲೂ ಗುಬ್ಬಿಯ ಬಾಲದ ಬಾಜೂಕ್ಕೆ ಮೀಸೆ ಹೊತ್ತು, ಕನ್ನಡಕ ಹಾಕಿ, ಹುಟ್ಟಿದ ಕೂಸುಗಳಿಗೆಲ್ಲ ಶುಭ ಕೋರುತ್ತ ನಾನು. ಅವ್ವ ಒಂದನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಇರ್ಲಿ ಬಿಡವಾ, ಕೂಸಿಗೆ ದೃಷ್ಟಿ ತಾಗೂದಿಲ್ಲ" ಎಂದು ಮಗಳಿಗೆ ಧೈರ್ಯ ಹೇಳಿದಳು.

ಗಿರಿಜಾ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಗೆಲ್ಲುತ್ತಿದ್ದೆ. "ರಂಗೋಲಿ ಕಪ್ಪೂ ನೀನ ಹಿಡ್ಕೊಂಡಿದ್ದಿ" ಎಂದಳು ಅಷ್ಟೆ. ನಮ್ಮ ಪಡಸಾಲೆಯಲ್ಲಿ ಆ ಫೋಟೋ ಇಂದಿಗೂ ಇದೆ. ಶಾಲೆಯ ರಂಗೋಲಿ ಸ್ಪರ್ಧೆಯಲ್ಲಿ ಅವಳಿಗೆ ಬಂದ ಕಪ್ಪನ್ನು ಎದೆಗೆ ಒತ್ತಿ ಹಿಡಿದವನು ನಾನು. ಅವಳ ಅರ್ಧ ಜಡೆ ಮಾತ್ರ ನನ್ನ ಹೆಗಲ ಹಿಂದೆ ಕಾಣುತ್ತದೆ. ಮನೆಗೆ ಬಂದವರು ಇವತ್ತಿಗೂ ನನಗೇ ಶಹಬ್ಬಾಸ್ ಹೇಳುತ್ತಾರೆ, ನಾನು ಬೇಡ ಎಂದಿಲ್ಲ.

ಮತ್ತೆ ಅಚ್ಚು ಹಾಕಿಸಲು ಸಮಯವಿರಲಿಲ್ಲ. ಮೂಲೆ ಕತ್ತರಿಸಿದರೆ ಗುಬ್ಬಿಯ ಬಾಲವೂ ನನ್ನ ಜೊತೆ ಹೋಗುತ್ತಿತ್ತು. ಮುಖಕ್ಕೆ ಪೆನ್ನಿನಿಂದ ಮಸಿ ಬಳಿದೆ, ಪೊಲೀಸರು ಹುಡುಕುವ ಕಳ್ಳನಂತೆ ಕಂಡೆ. ಕೊನೆಗೆ ಗಿರಿಜಾ ಹೊಲಿಗೆಯಲ್ಲಿ ಉಳಿದ ಖಣದ ಚೂರುಗಳ ಚೀಲ ಸುರುವಿ, ಕುಂಕುಮದ ಬೊಟ್ಟಿಗಿಂತ ತುಸು ದೊಡ್ಡದಾಗಿ ಗುಂಡಗೆ ಕತ್ತರಿಸತೊಡಗಿದಳು. ಗೋಂದು ಹಚ್ಚಿ ಅಂಟಿಸುವ ಕೆಲಸ ನನ್ನದಾಯಿತು. ಜೀವನವಿಡೀ ತೋರಿಸಿಕೊಂಡು ತಿರುಗಿದ ಮುಖವನ್ನು ಒಂದೇ ಸಂಜೆ ಇನ್ನೂರು ಸಲ ಮುಚ್ಚಿದೆ.

ಗುರುವಾರ ಅಂಗಡಿಯ ಒಡತಿ ಕುಂಚಿಗೆಗಳನ್ನು ತಿರುವಿ ಹಾಕಿದರು, ಟ್ಯಾಗು ಹಿಡಿದು ನಿಂತರು, ಖಣದ ಬೊಟ್ಟನ್ನು ಸವರಿದರು. ಗಿರಿಜಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಒಂದೊಂದಕ್ಕ ಒಂದೊಂದು ಬಣ್ಣ. ಅಗದಿ ಛಂದ ಐತಿ. ಇದು ಯಾರಿಗೆ ಹೊಳೀತ್ರಿ?" ಎಂದು ಕೇಳಿದರು. ಗಂಟು ಹೊತ್ತು ಬಾಗಿಲಲ್ಲಿ ನಿಂತ ನನ್ನ ಎದೆ ಹಳೆಯ ರೂಢಿಯಂತೆ ಉಬ್ಬಿತು, ಬಾಯಿಯೂ ತೆರೆಯಿತು. ಗಿರಿಜಾ ನನ್ನನ್ನೇ ನೋಡುತ್ತಿದ್ದಳು.

"ನಮ್ಮ ತಂಗಿಗೆ ಹೊಳೀತ್ರಿ," ಎಂದೆ. "ಎಲ್ಲಾ ಆಕೀದ ರೀ."

ತಂದದ್ದೆಲ್ಲ ಇಟ್ಟುಕೊಂಡರು. ಮುಂದಿನ ತಿಂಗಳಿಗೂ ಬೇಕೆಂದರು. ಈಗ ಗಿರಿಜಾ ಟ್ಯಾಗಿನ ಮೂಲೆಯನ್ನು ಖಣಕ್ಕೆಂದೇ ಖಾಲಿ ಬಿಡಿಸುತ್ತಾಳೆ, ಪ್ರೆಸ್ಸಿಗೆ ತಾನೇ ಹೋಗುತ್ತಾಳೆ, ಅಂಟಿಸುವುದು ಮಾತ್ರ ನಾನೇ. ಬುದ್ಧಿ ಬಂತೇ ಎಂದು ನೀವು ಕೇಳಬಹುದು. ಮೊದಲ ಕಂತಿನ ಒಂದು ಟ್ಯಾಗು ಟೆಂಪೋದ ಕನ್ನಡಿಗೆ ತೂಗುತ್ತಿದೆ. ರಸ್ತೆಯಲ್ಲಿ ಯಾರೂ ಇಲ್ಲದಾಗ ಖಣದ ಅಂಚನ್ನು ಉಗುರಿನಿಂದ ತುಸುವೇ ಎತ್ತಿ ನೋಡುತ್ತೇನೆ. ಕನ್ನಡಕ ಹಾಕಿ, ಕೈಮುಗಿದು, ಒಳಗೇ ಶುಭ ಕೋರುತ್ತಿದ್ದೇನೆ.