ಯಂತ್ರ ಕತ್ತರಿಸಿದ ಮಲ್ಲಿಗೆ

ಈರುಳ್ಳಿ ಕೇಳಲು ಬಂದ ಪಕ್ಕದ ಮನೆಯ ಖದೂಜಾ, ಮೊಂಜಿಯಾಳ ನೆಮ್ಮದಿಯನ್ನೂ ಕಿತ್ತುಕೊಂಡಳು.

"ಗೊತ್ತಾಯ್ತೇನೇ? ಕಾಗದ ಕತ್ತರಿಸೋ ಮಿಷನ್ ಬಂದಿದೆಯಂತೆ. ನೀನು ಒಂದು ಡಬ್ಬಿ ಮುಗಿಸೋದ್ರೊಳಗೆ ಅದು ನೂರು ಮುಗಿಸುತ್ತಂತೆ. ನಿನ್ನೆ ಹಮ್ಮಾಮಿಗೆ ಸ್ನಾನಕ್ಕೆ ಹೋದಾಗ ಲೆಲ್ಲಾ ಸಲ್ಲೂಹಾನೇ ಹೇಳ್ತಿದ್ರು."

ಮೊಂಜಿಯಾಳ ಕೈಯಿಂದ ಕತ್ತರಿ ಜಾರಿತು. ಸ್ಫಾಕ್ಸ್ ಪಟ್ಟಣದ ಮದುವೆಗಳಲ್ಲಿ ಸಿಹಿ ಹಂಚುವ ಕಾಗದದ ಡಬ್ಬಿಗಳಿಗೆ ಹೂಬಳ್ಳಿಯ ಚಿತ್ತಾರ ಕತ್ತರಿಸುವುದೇ ಅವಳ ಇಪ್ಪತ್ತು ವರ್ಷದ ಬದುಕು. ಮಿಠಾಯಿ ಅಂಗಡಿಯ ಯಜಮಾನಿ ಲೆಲ್ಲಾ ಸಲ್ಲೂಹಾ ಕೆಲಸ ಕೊಟ್ಟರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಅವರು ತಗೊಳ್ಳೋ ಮುಂಚೆ ನೀನೇ ತಗೊಂಡ್ಬಿಡು. ನಡಿ, ನಾನೂ ಬರ್ತೀನಿ" ಎಂದು ಖದೂಜಾ ಈರುಳ್ಳಿ ಹಿಡಿದೇ ಹೊರಟಳು.

ಯಂತ್ರ ಮಾರುವ ಲಮೀನನ ಅಂಗಡಿಯ ಕೌಂಟರಿನ ಮೇಲೆ ಯಂತ್ರ ಹೊಟ್ಟೆ ತುಂಬಿದ ಮೊಸಳೆಯಂತೆ ಮಲಗಿತ್ತು. ಒಂದೂವರೆ ಸಾವಿರ ದಿನಾರ್ ಎಂದು ಕೇಳಿದೊಡನೆ ಮೊಂಜಿಯಾ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಕೊಂಡರೂ ಉಪವಾಸ, ಕೊಳ್ಳದಿದ್ದರೂ ಉಪವಾಸ.

"ಮುಟ್ಟಿ ನೋಡಮ್ಮ, ಕಚ್ಚಲ್ಲ. ನಮಾಜು ಮುಗಿಸಿ ಬಂದ್ಬಿಡ್ತೀನಿ. ಹಸಿರು ಗುಂಡಿ ಮಾತ್ರ ಒತ್ತಬೇಡಿ" ಎಂದು ಲಮೀನ್ ಹೋದ.

ಅವನ ನೆರಳು ಬಾಗಿಲು ದಾಟುವ ಮೊದಲೇ ಖದೂಜಾ ಗುಂಡಿ ಒತ್ತಿದಳು.

ಯಂತ್ರ ಕಾಗದವನ್ನು ಗಬಕ್ಕನೆ ನುಂಗಿತು. ಮೀನಿನ ಮುಳ್ಳು ಸಿಕ್ಕಿಕೊಂಡ ಬೆಕ್ಕಿನಂತೆ ಗುರುಗುಟ್ಟಿತು. ಆಮೇಲೆ ಕಟಕ್ ಎಂದು ಸುಮ್ಮನಾಯಿತು.

"ಅಯ್ಯೋ, ಏನೇ ಮಾಡ್ದೆ!"

"ನಾನೇನೇ ಮಾಡ್ದೆ? ಮುಟ್ಟಿ ನೋಡು ಅಂದಿದ್ದು ನಿನಗೆ!"

ಇಬ್ಬರೂ ಕೌಂಟರಿನ ಹಿಂದಕ್ಕೆ ಓಡಿದರು. ಕಾಗದ ಎಳೆದಷ್ಟೂ ಹರಿಯಿತೇ ಹೊರತು ಬರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಸಲ್ಲೂಹಾಳ ದನಿ: "ಲಮೀನ್ ಇಲ್ವಾ? ಮಿಷನ್ ನೋಡೋಣ ಅಂತ ಬಂದೆ."

ಮೊಂಜಿಯಾ ದಬಕ್ಕನೆ ಕೌಂಟರಿನ ಕೆಳಗೆ ಕುಕ್ಕರಿಸಿದಳು. ಯಂತ್ರ ಕೆಟ್ಟಿದ್ದನ್ನು ಮುಚ್ಚಿಡುವ ಗಾಬರಿಯಲ್ಲಿ ಖದೂಜಾಳಿಗೆ ಬುದ್ಧಿ ಕೈಕೊಟ್ಟಿತು.

"ನೋಡಿ, ನೋಡಿ! ಚೆನ್ನಾಗಿ ಓಡ್ತಿದೆ! ಈಗ ಮಲ್ಲಿಗೆ ಬಳ್ಳಿ ಬರುತ್ತೆ!" ಎಂದವಳೇ ಕೆಳಗೆ ಕೂತಿದ್ದವಳನ್ನು ಕಾಲಿನಿಂದ ತಿವಿದಳು.

ಮೊಂಜಿಯಾ ಸದಾ ಜೊತೆಗಿರುವ ಚೀಲದಿಂದ ಕತ್ತರಿ, ಕಾಗದ ತೆಗೆದಳು. ಬೆರಳುಗಳು ಹಿಂದೆಂದೂ ಓಡದ ಹಾಗೆ ಓಡಿದವು. ಎಲೆ, ಮೊಗ್ಗು, ಕೂದಲೆಳೆಯಂಥ ತೊಟ್ಟು. ಮುಗಿಸಿ ಖದೂಜಾಳ ಕೈಗೆ ತುರುಕಿದಳು. ಖದೂಜಾ ಅದನ್ನು ಯಂತ್ರದ ಹೊಟ್ಟೆಯಿಂದಲೇ ಎಳೆದವಳಂತೆ ಎತ್ತಿ ತೋರಿಸಿದಳು.

ಸಲ್ಲೂಹಾ ಕನ್ನಡಕ ಏರಿಸಿದಳು. "ಯಾ ಲತೀಫ್, ದೇವರೇ! ಇದರ ಮುಂದೆ ನಮ್ಮ ಮೊಂಜಿಯಾಳ ಕೆಲಸ ಇಲಿ ಕಡಿದ ಹಾಗಿದೆ!"

ಹಿಂದಿರುಗಿದ ಲಮೀನ್ ಆ ಮಾತು ಕೇಳಿದ್ದೇ ತಡ, ಅಂಥದ್ದೇ ಇನ್ನೊಂದು ಯಂತ್ರವಿದ್ದ ಮುಚ್ಚಿದ ಹೊಸ ಪೆಟ್ಟಿಗೆ ತಂದಿಟ್ಟ. ಸಲ್ಲೂಹಾ ಅಲ್ಲೇ ಹಣ ಎಣಿಸಿದಳು. ಕೆಟ್ಟ ಯಂತ್ರದ ಮೇಲೆ ಖದೂಜಾ ತನ್ನ ಶಾಲು ಹೊದಿಸಿ ಒರಗಿ ನಿಂತಿದ್ದಳು.

"ಕೆಳಗೆ ಯಾರದು?" ಎಂದ ಲಮೀನ್.

ಮೊಂಜಿಯಾ ಧೂಳು ಮೆತ್ತಿಕೊಂಡು ಎದ್ದಳು. "ಬ... ಬಳೆ ಬಿದ್ದಿತ್ತು." ನಿಜ ಹೇಳಿದರೆ ಯಂತ್ರದ ಬೆಲೆ ತೆರಬೇಕು, ಹೇಳದಿದ್ದರೆ ಇದ್ದ ಕೆಲಸವೂ ಹೋಯಿತು. ಕತ್ತರಿಯನ್ನು ಮೆಲ್ಲಗೆ ಚೀಲದೊಳಕ್ಕೆ ತಳ್ಳಿದಳು.

ಸಲ್ಲೂಹಾಳಿಗೆ ಕನಿಕರ ಉಕ್ಕಿತು. ಮಲ್ಲಿಗೆ ಬಳ್ಳಿಯನ್ನು ಮೊಂಜಿಯಾಳ ಅಂಗೈಯಲ್ಲಿಟ್ಟಳು.

"ಬೇಜಾರು ಮಾಡ್ಕೋಬೇಡ. ಇದನ್ನ ಮುಂದಿಟ್ಕೊಂಡು ದಿನಾ ಅಭ್ಯಾಸ ಮಾಡು. ಇದರಲ್ಲಿ ಅರ್ಧದಷ್ಟು ಬಂದರೂ ಸಾಕು, ಆಮೇಲೆ ನೋಡೋಣ."