ಎದೆಭಾರದ ಸನ್ಮಾನ

ಅಂಧೇರಿ ಪೂರ್ವದ ಕನ್ನಡ ತರುಣ ವ್ಯಾಯಾಮ ಮಂಡಳಿಯ ನಿಯಮಾವಳಿಯಂತೆ ಪುರುಷ ಸದಸ್ಯರಿಗೆ ದುಃಖವಾಗುವುದಿಲ್ಲ. ಮೈಕೈ ನೋವಿಗೆ ಅವಕಾಶವುಂಟು. ಅದನ್ನೂ ತರಬೇತುದಾರರ ಪೂರ್ವಾನುಮತಿ ಪಡೆದೇ ಅನುಭವಿಸತಕ್ಕದ್ದು.

ಈ ನಿಯಮ ಮುರಿದವನು ಅನಿಲ, ಸಾಂತಾಕ್ರೂಜಿನ ಹೋಟೆಲೊಂದರ ಬೌನ್ಸರ್. ಕೆಲವು ತಿಂಗಳಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ, ಲೋಕಲ್ ರೈಲಿನಲ್ಲಿ ಕೂತರೆ ಇಳಿಯುವ ಮನಸ್ಸಾಗುತ್ತಿರಲಿಲ್ಲ. ಇಂಥ ತೋಳಿನವನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾನೆಂದರೆ ಯಾರು ನಂಬಬೇಕು? ಕನ್ನಡಿ ನೋಡಿಕೊಂಡರೆ ಅವನಿಗೇ ನಗು ಬರುತ್ತಿತ್ತು. ಪವಾಯಿಯಲ್ಲಿರುವ ಅಕ್ಕ ಶಿವಕುಮಾರಿಯೊಬ್ಬಳೇ ನಂಬಿ, ಮನೋವೈದ್ಯರಲ್ಲಿ ಭಾನುವಾರಕ್ಕೆ ಹೆಸರು ಬರೆಸಿದ್ದಳು. ಅವನಿಗೂ ಹೋಗುವ ಆಸೆಯಿತ್ತು. ಆದರೆ ಭಾನುವಾರ ಕಾಲಿನ ಕಸರತ್ತಿನ ದಿನ, ರಜೆ ಕೇಳಲೇಬೇಕು.

“ಸರ್, ಎದಿ ಭಾರ ಆಗೈತ್ರಿ. ಐತವಾರ ಸೂಟಿ ಬೇಕಿತ್ತು.”

ತರಬೇತುದಾರ ಗುರಲಿಂಗಪ್ಪ ಅವನ ಎದೆ ತಟ್ಟಿ ನೋಡಿದರು. “ಶಾಭಾಸ್! ಚೆಸ್ಟ್ ಬರಾಕತ್ತೈತಿ!”

“ಹಂಗಲ್ರಿ. ಸುಮ್‌ಸುಮ್ನ ಅಳು ಬರ್ತೈತಿ.”

“ಪ್ರೋಟೀನ್ ಕಮ್ಮಿ ಆಗೈತಿ. ತತ್ತಿ ಜಾಸ್ತಿ ತಿನ್ನು.”

ಹೊಗಳಿಕೆ ಕೇಳಿ ಅನಿಲನ ಎದೆ ತುಸು ಉಬ್ಬಿದ್ದೂ ನಿಜ. ಹಾಳು ಎದೆ, ಅದಕ್ಕೆ ಅಷ್ಟೂ ಮಾನವಿಲ್ಲ.

ಸಂಜೆಗೆ ಬಾಗಿಲ ಮೇಲೆ ಪ್ರಕಟಣೆ ಬಂತು: ‘ಶ್ರೀ ಅನಿಲ ಇವರ ಎದೆ ಭಾರವಾಗಿರುವುದು ಮಂಡಳಿಗೆ ಹೆಮ್ಮೆಯ ವಿಷಯ. ಭಾನುವಾರ ಸನ್ಮಾನ. ಅಲ್ಲಿಯವರೆಗೆ ಎದೆ ಹಗುರ ಮಾಡಿಕೊಳ್ಳುವ ಯಾವುದೇ ಪ್ರಯತ್ನವನ್ನು ಶಿಸ್ತುಭಂಗವೆಂದು ಪರಿಗಣಿಸಲಾಗುವುದು.’

ಭಾನುವಾರ ಶಾಲು ಹೊದಿಸಿ, ಕೊರಳಿಗೆ ಪದಕ ಹಾಕಿ, ಕೈಗೆ ಮೈಕ್ ಕೊಟ್ಟರು. ಅನಿಲ ಮೈಕನ್ನು ಬಾಯಿಗೆ ಹಿಡಿದ.

“ನನಗ ಭಾಳ ದುಃಖ ಆಗೈತ್ರಿ. ಯಾರರೆ ನನ್ನ ಮಾತು ಕೇಳ್ರಿ.”

ಕಳೆದ ವರ್ಷ ದೇಹದಾರ್ಢ್ಯ ಸ್ಪರ್ಧೆಯಲ್ಲಿ ‘ಅಂಧೇರಿ ಶ್ರೀ’ ಆಗಿದ್ದ ಶ್ರೀಮಂತನೆಂಬವನು ಮುಂದಿನ ಸಾಲಿನಲ್ಲಿ ಮೆಲ್ಲಗೆ ಎದ್ದು ನಿಂತ. “ನಂದೂ ಎದಿ ಭಾರ ಐತ್ರಿ.” ಅವನ ಹಿಂದೆ ಮತ್ತೊಬ್ಬ, ಆಮೇಲೆ ಇಡೀ ಸಾಲು. ದೊಡ್ಡ ದೊಡ್ಡ ಗಂಡಸರು ಬಿಕ್ಕಿ ಬಿಕ್ಕಿ ಅತ್ತರು. ಅನಿಲನಿಗೆ, ಬಹಳ ದಿನದ ಮೇಲೆ, ತಾನು ಒಬ್ಬನೇ ಅಲ್ಲವೆನಿಸಿತು.

ಗುರಲಿಂಗಪ್ಪ ಟವೆಲಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡು ಮೈಕ್ ತೆಗೆದುಕೊಂಡರು. ಹಾಲ್‌ನಲ್ಲಿ ಸೆಕೆ ಹೆಚ್ಚಿರುವುದರಿಂದ ಸದಸ್ಯರ ಮುಖ ಬೆವರಿದೆ, ಇಡೀ ಮಂಡಳಿಗೆ ಚೆಸ್ಟ್ ಬಂದಿದೆ ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಎಲ್ಲರೂ ಮುಖ ಒರೆಸಿಕೊಂಡು ಪದಕಕ್ಕೆ ಸಾಲು ನಿಂತರು.

ಬಾಗಿಲಲ್ಲಿ ಶಿವಕುಮಾರಿ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದಳು. “ನಡಿಯೋ, ಡಾಕ್ಟರ್ ಕಾಯಾಕತ್ತಾರ.”

ಅನಿಲ ಪದಕವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

“ಬ್ಯಾಡಕ್ಕ. ಎದಿ ಹಗುರ ಆದ್ರ ಇದನ್ನ ತಿರುಗಿ ತಗೋತಾರ.”