ಹೆಬ್ಬೆರಳಿನೊಳಗೆ ಜೆಸಿಬಿ

ಹೆಂಡತಿಯ ತಮ್ಮನ ಮದುವೆಗೆಂದು ಕೊಂಡ ಹೊಸ ಚಪ್ಪಲಿ ದೇವಿಂದ್ರನ ಬಲಗಾಲಿನ ಹೆಬ್ಬೆರಳನ್ನು ಕಚ್ಚಿತ್ತು. ಆ ಮದುವೆಯ ಮದುಮಗಳು ಈಗ ಬಸುರಿಯಾಗಿ ಹುಣಸೆಕಾಯಿ ಬೇಡುತ್ತಿದ್ದಳು. ಗಾಯ ಮಾತ್ರ ಮಾಯ್ದಿರಲಿಲ್ಲ.

ಸುರಪುರದ ಓಣಿಗಳಿಗೆ ನಳದ ನೀರು ಬಿಡುವ ಕೆಲಸ ಅವನದು. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದೂ ಈ ಗಾಯದಿಂದಲೇ. ಶಹಾಪುರದ ಡಾಕ್ಟರ್ ಪರಿಮಳಾ ಕಳೆದ ಸಲ ಹೊಸ ಬಗೆಯ ಪಟ್ಟಿ ಕಟ್ಟುತ್ತ, ಅವನಿಗೆ ತಿಳಿಯುವ ಹಾಗೆ ಹೇಳಿದ್ದರು.

“ಹೊಸಾ ಪೈಪ್ ಹಾಕಬೇಕಂದ್ರ ಮೊದಲ ರಸ್ತಾ ಅಗೀಬೇಕಲ್ರಿ? ಗಾಯದಾಗೂ ಹಂಗೇ. ಹೊಸಾ ರಕ್ತನಾಳ ಬೆಳೀಲಾಕ, ಮಾಂಸದೊಳಗಿನ ಜಾಳಿಗಿ ಕರಗಿಸಿ ದಾರಿ ಮಾಡೋ ಕಿಣ್ವ ಅಂತ ಇರ್ತಾವ. ಜೆಸಿಬಿ ಅಂತ ತಿಳ್ಕೋರಿ. ದಾರಿ ಆದ ಮ್ಯಾಲ ಅವು ನಿಲ್ಲಬೇಕು. ನಿಮ್ಮ ಗಾಯದಾಗ ನಿಂತಿಲ್ಲ. ಹಾಕಿದ ಪೈಪನ್ನೂ ಕಿತ್ತಾಕಲಾಕತ್ಯಾವ. ಈ ಪಟ್ಟಿ ಅವಕ್ಕ ಲಗಾಮು. ಶುಕ್ರವಾರ ಸಂಜಿಗಿ ನಾನೇ ಬಿಚ್ಚತೀನಿ, ಅಲ್ಲೀತನಕ ಯಾರೂ ಮುಟ್ಟಬಾರದು. ಕೆಂಪು ಮಾಂಸ ಬಂದಿದ್ರ ಬೆರಳು ಉಳೀತದ. ಇಲ್ಲಾಂದ್ರ ತೆಗೀಬೇಕಾಗ್ತದ.”

ಶುಕ್ರವಾರ ಬೆಳಿಗ್ಗೆ ಓಣಿಗೆ ನೀರು ಬರಲಿಲ್ಲ. ಕೇಳಲು ಬಂದವರಿಗೆ ಹೆಂಡತಿ ಪಂಚಶೀಲಾ, “ಅವರ ಕಾಲಾಗ ಜೆಸಿಬಿ ನಡದದ್ರಿ, ಅದಕ್ಕ ರಜಾ ಹಾಕ್ಯಾರ” ಎಂದುಬಿಟ್ಟಳು. ಖಾಲಿ ಕೊಡ ಹಿಡಿದವರಿಗೆ ಬೇರೆ ಕೆಲಸವೂ ಇರಲಿಲ್ಲ.

ಮದ್ದು ತಿಳಿಯದ ಮನೆ ಆ ಓಣಿಯಲ್ಲಿ ಒಂದೂ ಇಲ್ಲವೆಂದು ದೇವಿಂದ್ರನಿಗೆ ಗೊತ್ತಿತ್ತು. ಅವರನ್ನು ತಡೆಯುವುದೆಂದರೆ ಒಡೆದ ಪೈಪಿಗೆ ಅಂಗೈ ಒತ್ತಿ ಹಿಡಿದಂತೆ. ಬಲಗಾಲನ್ನು ಕೌದಿಯೊಳಗೆ ಸೇರಿಸಿ, ಏನೂ ಆಗದ ಎಡಗಾಲಿಗೆ ಹಳೆಯ ಸೀರೆಯ ತುಂಡು ಸುತ್ತಿ, ಮಂಚದಿಂದ ಹೊರಗೆ ಚಾಚಿದ.

ಮೊದಲು ಬಂದವಳು ಎದುರುಮನೆಯ ಮುದುಕಿ ಬಾಲಮ್ಮ.

“ನೀ ಬಲಗಾಲಲ್ಲೇನೋ ತಮ್ಮಾ ಕುಂಟತಿದ್ದಿ?”

“ಆ ಕಡಿ ಕೆಲಸ ಮುಗದದ ದೊಡ್ಡವ್ವ. ಈಗ ಈ ಕಡಿ ನಡದದ.”

ರಸ್ತೆ ಕೆಲಸ ಹೀಗೇ ಜಾಗ ಬದಲಿಸುವುದನ್ನು ಬಾಲಮ್ಮ ಕಂಡಿದ್ದಳು, ನಂಬಿದಳು. “ಬಿಚ್ಚು, ನೋಡ್ತೀನಿ.”

“ಬಿಚ್ಚಬ್ಯಾಡ. ಮ್ಯಾಲಿಂದ ಏನರ ಮಾಡ್ಕೋ.”

ಬಾಲಮ್ಮ ಇಟ್ಟಿಗೆ ಕಾಸಿ, ಗೋಣಿಯಲ್ಲಿ ಸುತ್ತಿ ತಂದು ಒತ್ತಿದಳು. “ಸುಡ್ತದೇನೋ?”

“ಎಲ್ಲೀದು, ಬೆಚ್ಚಗೂ ಇಲ್ಲ.”

ಅವಳಿಗೆ ಅವಮಾನವಾಯಿತು. ಇಟ್ಟಿಗೆ ಮತ್ತೆ ಒಲೆಗೆ ಹೋಯಿತು. ಈ ಸಲ ಗೋಣಿಯಿಲ್ಲದೆ ಬಂತು. ಸೀರೆಯ ತುಂಡಿನಿಂದ ಸಣ್ಣಗೆ ಹೊಗೆ ಎದ್ದಿತು.

“ಅಯ್ಯ, ಹೊಗಿ ಬರ್ಲಾಕತ್ತದಲ್ಲ!” ಎಂದಳು.

“ಜೆಸಿಬಿದು ಇರಬೇಕು” ಎನ್ನುತ್ತ ವೆಲ್ಡಿಂಗ್ ಅಂಗಡಿಯ ಗಯಾಸ ಒಳಗೆ ಬಂದ. ಅವನ ಕೈಯಲ್ಲಿ ಬೈಕಿನ ಹಳೆಯ ಟ್ಯೂಬಿನ ಪಟ್ಟಿ ಇತ್ತು. “ವಿಷ ಮ್ಯಾಲ ಏರಬಾರದು ದೇವಿಂದ್ರಣ್ಣ, ಬಿಗೀಬೇಕು.” ಪಾದಕ್ಕೆ ಸುತ್ತಿ ಎಳೆದ. “ಬಿಗಿ ಆಯ್ತೇನು?”

“ಕಟ್ಟಿದ್ದೇ ಗೊತ್ತಾಗಲ್ದು ಭಾಯ್.”

ಗಯಾಸ ಇನ್ನೆರಡು ಸುತ್ತು ಎಳೆದ.

ಮಂದಿಗೂ ಸಮಾಧಾನ, ಬೆರಳಿಗೂ ಸಮಾಧಾನ. ದೇವಿಂದ್ರ ಒಳಗೊಳಗೇ ತನ್ನ ಜಾಣತನವನ್ನು ಮೆಚ್ಚಿಕೊಂಡ. ಸಂಜೆ ಪಂಚಶೀಲಾಳೊಂದಿಗೆ ಶಹಾಪುರಕ್ಕೆ ಹೊರಟಾಗ ಎಲ್ಲರೂ ಬಾಗಿಲಲ್ಲಿದ್ದುದರಿಂದ ಟ್ಯೂಬು ಬಿಚ್ಚುವಂತಿರಲಿಲ್ಲ. ಬಸ್ಸು ಹತ್ತಿದ ಮೇಲೆ ಅದು ಮರೆತೇ ಹೋಯಿತು.

ಡಾಕ್ಟರ್ ಬಲಗಾಲಿನ ಪಟ್ಟಿ ಬಿಚ್ಚಿದರು. ಒಳಗೆ ದಾಳಿಂಬೆ ಕಾಳಿನಂಥ ಕೆಂಪು ಮಾಂಸ.

“ಹೊಸಾ ನಾಳ ಬಂದಾವ್ರಿ! ಬೆರಳು ಉಳೀತು.”

ಪಂಚಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎಡಗಾಲಿಗೆ ಏನಾಗ್ಯದ?” ಎಂದರು ಡಾಕ್ಟರ್.

“ಅದು ಮಂದಿಗಿ ತೋರ್ಸಲಾಕ ಕಟ್ಟಿದ್ರೀ ಮೇಡಂ” ಎಂದು ದೇವಿಂದ್ರ ನಕ್ಕು, ನಡೆದದ್ದನ್ನೆಲ್ಲ ಹೇಳಿದ.

ಡಾಕ್ಟರ್ ನಗಲಿಲ್ಲ. ಟ್ಯೂಬು ಕತ್ತರಿಸಿ ಬಟ್ಟೆ ಬಿಡಿಸಿದರು. ಹೆಬ್ಬೆರಳ ಮೇಲೆ ಪೂರಿಯಂತೆ ಬೊಬ್ಬೆ ಎದ್ದಿತ್ತು. ಪಕ್ಕದ ಚರ್ಮ ಬಟ್ಟೆಯ ಜೊತೆಗೇ ಬಂತು.

“ನೋವಾಗಲಿಲ್ಲೇನ್ರಿ?”

“ಒಂಚೂರೂ ಇಲ್ರಿ” ಎಂದ ದೇವಿಂದ್ರ, ಇನ್ನೂ ಸ್ವಲ್ಪ ಹೆಮ್ಮೆಯಿಂದಲೇ.

“ಸಕ್ಕರಿ ಕಾಯಿಲೆದಾಗ ಕಾಲಿನ ನರ ಸತ್ತಿರ್ತಾವ. ಸುಟ್ಟರೂ ತಿಳಿಯಂಗಿಲ್ಲ.” ಅವರು ಕಪಾಟಿನಿಂದ ಇನ್ನೊಂದು ಪಟ್ಟಿ ತೆಗೆದರು. “ಈ ಬೆರಳು ಉಳೀತದೋ ಇಲ್ಲೋ, ಮುಂದಿನ ಶುಕ್ರವಾರ ಹೇಳ್ತೀನಿ. ಅಲ್ಲೀತನಕ ಎರಡೂ ಕಾಲು ಯಾರೂ ಮುಟ್ಟಬಾರದು.”

ಪಂಚಶೀಲಾ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಈ ಸಲ ಓಣಿ ಮಂದಿಗಿ ಏನು ಚಾಚತೀರಿ?”